ಇಂದೂಬಾಯಿಯ ಹಸಿರುದಾರ ದಿಗ್ವಿಜಯ

ಕೇಳಿರಯ್ಯಾ, ಕಿವಿಯುಳ್ಳವರೇ! ಹರಿದದ್ದನ್ನು ಹೊಲಿಯದೆ ಜನರೆಲ್ಲ ಹೊಸತನ್ನೇ ಕೊಳ್ಳುವ ಈ ಘೋರ ಕಲಿಯುಗದಲ್ಲಿ, ಪೇಢಾಪರಿಮಳಪೂರಿತವಾದ ಧಾರವಾಡ ಪಟ್ಟಣದಲ್ಲಿ, ಸೂಚೀಶಸ್ತ್ರಪಾಣಿಯೂ ನಾಸಿಕಾಗ್ರಸ್ಥಿತೋಪನೇತ್ರೆಯೂ ಕಸೂತಿಕಲಾಧುರಂಧರೆಯೂ ಆದ ಇಂದೂಬಾಯಿ ಕಟ್ಟಿ ಎಂಬ ವೀರಾಗ್ರಣಿ ವಿರಾಜಿಸುತ್ತಿದ್ದಳು. ಹುಟ್ಟಲಿರುವ ಮೊಮ್ಮಗುವಿಗೆಂದು ಆಕೆ ಹೊಲಿದ, ನೆತ್ತಿಯಿಂದ ಬೆನ್ನಿಗೆ ಇಳಿಬೀಳುವ ಟೊಪ್ಪಿಗೆಯಾದ ಕುಂಚಿಗೆಯ ಹಿಂಬದಿಯಲ್ಲಿ ನವಿಲು ಮೂಡಿತು, ತುಳಸಿಕಟ್ಟೆ ಮೂಡಿತು. ಗಿಣಿಯ ಬಾಲಕ್ಕೆ ಬರುವಷ್ಟರಲ್ಲಿ, ಹಾ ವಿಧಿಯೇ, ಹಸಿರು ದಾರ ಮುಗಿಯಿತು! ಊರೆಲ್ಲ ಜಾಲಾಡಿದರೂ ಅದೇ ಹಸಿರು ಸಿಗಲಿಲ್ಲ.

"ಇರಲಿ ಬಿಡವಾ, ಮೋಟು ಗಿಣಿ ಅಂದರಾತು," ಎಂದು ಹಿರಿಯ ನೆಗೆಣ್ಣಿ ಮಂದಾಕಿನಿಬಾಯಿ ನಕ್ಕಳು.

ಆಗ ರೋಷಾರುಣಲೋಚನೆಯಾಗಿ ಇಂದೂಬಾಯಿ ಗರ್ಜಿಸಿದಳು: "ವೈನೀ! ಏಳು ಸಮುದ್ರ ದಾಟೇನು, ಬಾಲಿಲ್ಲದ ಗಿಣೀನ ನನ್ನ ಮೊಮ್ಮಗೂನ ಮೈಮ್ಯಾಲೆ ಕೂಡಸಂಗಿಲ್ಲ!"

ಪತಿ ವಾಮನರಾಯರು ನಿವೃತ್ತಿಯ ಹುರುಪಿನಲ್ಲಿ ವಿದೇಶ ಪ್ರವಾಸದ ಟಿಕೆಟು ತೆಗೆಸಿದ್ದೇ ತಡ, ಕುಂಚಿಗೆ ಚೀಲ ಸೇರಿತು. ಕ್ಯೋಟೋದಲ್ಲಿ ಪ್ರವಾಸದ ತಂಡದ ಉಳಿದವರು ಗುಡಿ ನೋಡಿದರು, ಈಕೆ ದಾರದಂಗಡಿ ನೋಡಿದಳು. ಅಲ್ಲಿಯ ಹಸಿರು ಬಾಳೆಸುಳಿಯಷ್ಟು ಎಳಸು. ಪ್ಯಾರಿಸ್ಸಿನದು ಬರೀ ಪಾಚಿ. "ಥೂ, ಇದೇನ ಹಸಿರಂತ!" ಎಂದು ಆ ಮಹಾನಗರವನ್ನೇ ಧಿಕ್ಕರಿಸಿ ಹೊರಟಳು.

ಇಸ್ತಾಂಬುಲ್ಲಿನ ಪೇಟೆಯಲ್ಲಿ ಕೊನೆಗೂ ಕಂಡಿತು, ಶುಕಪಿಚ್ಛಸನ್ನಿಭವಾದ ಆ ದಿವ್ಯಸೂತ್ರ! ಆದರೆ ಟ್ಯೂಬ್‌ಲೈಟ್ ಬೆಳಕಿನ ಬಣ್ಣವನ್ನು ನಂಬಲು ಆಕೆಯೇನು ನಿನ್ನೆ ಮೊನ್ನೆ ಸೂಜಿ ಹಿಡಿದವಳೇ? ದಾರದ ಲಡಿಯನ್ನೆತ್ತಿಕೊಂಡು ಬಿಸಿಲಿಗೆ ನಡೆದಳು. ಪ್ರಚಂಡಶ್ಮಶ್ರುಮಂಡಿತನಾದ ಅಂಗಡಿಕಾರ ಕಳ್ಳಿಯೆಂದು ಬಗೆದು, ಬೊಬ್ಬಿಡುತ್ತ ಬೆನ್ನಟ್ಟಿದ. ಇಂದೂಬಾಯಿಗೋ ಬೇರೆಯೇ ಲೆಕ್ಕ. ಗಿರಾಕಿ ಎದ್ದು ಹೊರಟರೆ ಅಂಗಡಿಯವ ದರ ಇಳಿಸಿ ಕರೆಯುವುದು ಎಲ್ಲ ಊರಿನ ಪದ್ಧತಿಯಲ್ಲವೇ? ಆತ ಕೂಗಿದಷ್ಟೂ ಈಕೆ ಸರಸರ ನಡೆದಳು.

"ಏ ಇಂದೂ, ನಿಂದ್ರ! ಪೊಲೀಸರನ್ನ ಕರ್ಯಾಕ್ಹತ್ಯಾನ!" ಎಂದು ರಾಯರು ಏದುಸಿರು ಬಿಟ್ಟರು.

"ಸುಮ್ನಿರ್ರಿ, ಇನ್ನೂ ಇಳಸ್ತಾನ!"

ಬಿಸಿಲು ಬಿದ್ದ ಚೌಕದಲ್ಲಿ ಆಕೆ ಥಟ್ಟನೆ ನಿಂತು, ಕುಂಚಿಗೆ ತೆಗೆದು ಲಡಿಯನ್ನು ಗಿಣಿಗೆ ಒತ್ತಿ ಹಿಡಿದಳು. ಅಂಗಡಿಕಾರ ಬಂದ, ಬಗ್ಗಿ ನೋಡಿದ. ಬಾಲವಿಲ್ಲದ ಗಿಣಿಯನ್ನು ಕಂಡು ಅವನ ಕೋಪವೆಲ್ಲ ಇಳಿಯಿತು. ಸರಿಯಾಗಿದೆ ಎಂಬಂತೆ ಗಂಭೀರವಾಗಿ ತಲೆಯಾಡಿಸಿದ. ರಾಯರು ಪೂರ್ತಿ ದರ ತೆತ್ತರು.

ಹೀಗೆ ದಿಗ್ವಿಜಯ ಮುಗಿಸಿ, ಬಾಲ ತುಂಬಿಸಿ, ಇಂದೂಬಾಯಿ ಹೆಸರಿಡುವ ದಿನಕ್ಕೆ ಕಾದಳು. ಆ ದಿನವೂ ಬಂತು. ಕುಂಚಿಗೆ ತೊಟ್ಟ ಕೂಸನ್ನು ತೊಟ್ಟಿಲಿಗೆ ಹಾಕಿದರು. ಕೂಸು ಅಂಗಾತ ಮಲಗಿತು.

ಗಿಣಿ, ನವಿಲು, ತುಳಸಿಕಟ್ಟೆ, ಸಮಸ್ತ ಸೃಷ್ಟಿಯೂ ಅದರ ಬೆನ್ನ ಕೆಳಗೆ! ಇಂದೂಬಾಯಿ ತೊಟ್ಟಿಲ ಸುತ್ತ ಬಗ್ಗಿ ಬಗ್ಗಿ ನೋಡಿದಳು.

"ಎಲ್ಲದ ನಿನ್ನ ಗಿಣಿ?" ಎಂದಳು ಮಂದಾಕಿನಿಬಾಯಿ. "ಹೋಗ್ಲಿ ಬಿಡು, ಪರದೇಶದ ದಾರ. ನೀರು ತಾಗಿದರ ಬಣ್ಣ ಬಿಡ್ತದ."

ಆ ಕ್ಷಣವೇ ಕೂಸು ಮುಖ ಕೆಂಪಗೆ ಮಾಡಿ ತೊಟ್ಟಿಲನ್ನೆಲ್ಲ ತೋಯಿಸಿಬಿಟ್ಟಿತು. ಹೆಂಗಸರು ಹೋ ಎಂದರು. ಇಂದೂಬಾಯಿ ಒದ್ದೆ ಕುಂಚಿಗೆಯನ್ನು ಬಿಚ್ಚಿ, ಹಿಂದೆ ಮುಂದೆ ತಿರುವಿ ನೋಡಿದಳು. ಕಣ್ಣಲ್ಲಿ ನೀರು ತುಂಬಿ ಬಂತು.

"ಬಿಟ್ಟಿಲ್ಲ ವೈನೀ! ಒಂದೆಳಿನೂ ಬಣ್ಣ ಬಿಟ್ಟಿಲ್ಲ!"

"ಆತು, ಆತು," ಎಂದು ಮಂದಾಕಿನಿಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಮದಲ ಅದನ್ನ ಹಿತ್ತಲಾಗ ಒಣಗಹಾಕು ಹೋಗು."