ಕುಂಕುಮ ಹಚ್ಚಿಸಿಕೊಂಡ ಕುಂಬಾರ ಹುಳ

ಹುಳಕ್ಕೆ ಕುಂಕುಮ ಹಚ್ಚುವ ಗಂಡಸನ್ನು ನೀವೆಲ್ಲಾದರೂ ನೋಡಿದ್ದೀರಾ? ನಮ್ಮ ಮನೆಯಲ್ಲೇ ಒಬ್ಬನಿದ್ದ, ನನ್ನ ಮೈದುನ! ಯಜಮಾನರ ಗುಮಾಸ್ತಿಕೆಯಿಂದಾಗಿ ನಾವು ಧಾರವಾಡ ಬಿಟ್ಟು ಪುಣೆಯ ಒಂದು ವಾಡೆಯಲ್ಲಿ ಎರಡು ಖೋಲಿ ಹಿಡಿದಿದ್ದೆವು. ಎಂ.ಎಸ್ಸಿ. ಓದಲು ಬಂದ ಈ ಮಹಾನುಭಾವ ಅದರಲ್ಲೊಂದನ್ನು ಕುಂಬಾರ ಹುಳಗಳಿಗೆ ಬಿಟ್ಟುಕೊಟ್ಟ. ಮಣ್ಣಿನ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಯ ಊಟಕ್ಕೆ ಕಂಬಳಿಹುಳ ತುಂಬಿಡುವ ಕಣಜಗಳವು. ಯಾವ ತಾಯಿ ಯಾವ ಗೂಡಿಗೆ ಮರಳುತ್ತಾಳೆ ಎಂಬುದೇ ಇವನ ಸಂಶೋಧನೆ. ಗುರುತಿಗೆ ಬಣ್ಣ ಬೇಕಲ್ಲ? ನನ್ನ ಕುಂಕುಮದ ಕರಡಿಗೆಗೇ ಕೈ ಹಾಕಿದ.

"ವೈನಿ, ನಿಮ್ಮ ಕುಂಕುಮ ಭಾಳ ಚಲೋ ಹಿಡೀತದ್ರಿ."

"ಬಳೀನೂ ತೊಡಸಪಾ, ಅದನ್ಯಾಕ ಬಿಡ್ತಿ?"

"ಆರು ಕಾಲು ಅವ್ರಿ. ನಿಮಗ ಒಂದೂ ಉಳಿಯೂದಿಲ್ಲ."

ಕಿಟಕಿಯ ಮೇಲಿನ ಒಂದು ಗೂಡಂತೂ ಅವನ ಪ್ರಾಣ. ಮೊದಲ ಮಣ್ಣುಂಡೆಯಿಂದ ಕಾದು ನೋಡಿದ್ದು ಅದೊಂದನ್ನೇ. ಅದು ಕೆಟ್ಟರೆ ಪದವಿಯೂ ಕೆಟ್ಟಂತೆ ಎಂದು ನನ್ನ ಪೊರಕೆಗೆ ದಿನಾ ಎಚ್ಚರಿಕೆ ಕೊಡುತ್ತಿದ್ದ.

ಅಷ್ಟರಲ್ಲಿ ಅತ್ತೆಯವರ ಸವಾರಿ ಬಂತು, ಚೀಲದಲ್ಲಿ ಬೇರೊಂದು ಹುಡುಗಿಯ ಜಾತಕ! ನನಗೆ ಮಕ್ಕಳಾಗಿರಲಿಲ್ಲ, ಮಗನಿಗೆ ಇನ್ನೊಂದು ಮದುವೆ ಮಾಡುವುದೆಂದು ನಿಶ್ಚಯಿಸಿಯೇ ಟಾಂಗಾ ಇಳಿದಿದ್ದರು. ಯಜಮಾನರು ತಾಯಿಯ ಮುಂದೆ ಬಾಯಿ ಬಿಡುವವರಲ್ಲ. ನಾನು ಅನ್ನ ಬಸಿಯುತ್ತ ಅತ್ತುಬಿಟ್ಟೆ. ಮೈದುನ ನೀರು ಕುಡಿಯಲು ಬಂದವನು ಕುಡಿಯದೆ ಹೋದ.

ಮರುದಿನ ಬೆಳಿಗ್ಗೆ ನೋಡಿದರೆ ನನ್ನ ಬಾಗಿಲ ಮೇಲೊಂದು ಗೂಡು! ಕುಂಬಾರ ಹುಳ ಗೂಡು ಕಟ್ಟಿದ ಮನೆಯಲ್ಲಿ ತೊಟ್ಟಿಲು ತೂಗುತ್ತದೆ ಎಂದು ನಮ್ಮವರ ನಂಬಿಕೆ. ಮೈದುನನ ಖೋಲಿಯ ಗೂಡುಗಳು ಲೆಕ್ಕಕ್ಕಿಲ್ಲ, ಅವನು ಬ್ರಹ್ಮಚಾರಿ.

"ಖರೇನ ಇದು?" ಅತ್ತೆ ಕಿರಿಯ ಮಗನನ್ನು ಕೇಳಿದರು.

ಕಣ್ಣಿಗೆ ಕಾಣದ ದೇವರನ್ನೂ ಒಪ್ಪದ ನನ್ನ ಮೈದುನ ಗಂಭೀರವಾಗಿ ಹೇಳಿದ: "ಅವ್ವಾ, ನಾ ಇದನ್ನ ಓದೇನಿ. ಈ ಹುಳ ಜಾಗಾ ಆರಿಸೂದ್ರಾಗ ತಪ್ಪೂದಿಲ್ಲ."

ಜಾತಕ ಚೀಲದಿಂದ ಹೊರಗೇ ಬರಲಿಲ್ಲ. ಅತ್ತೆ ನನ್ನ ಉಡಿಗೆ ಅಕ್ಕಿ, ತೆಂಗಿನಕಾಯಿ ತುಂಬಿ ಊರಿಗೆ ಹೊರಟರು. ನಾನು ಗೆದ್ದೆ!

ಮಧ್ಯಾಹ್ನ ಅವನ ಖೋಲಿ ಗುಡಿಸಲು ಹೋದೆ. ಕಿಟಕಿಯ ಮೇಲೆ ಬರೀ ಮಣ್ಣಿನ ಕಲೆ. ಕುಂಕುಮದ ಬೊಟ್ಟಿನ ಹುಳ ಕಂಬಳಿಹುಳವನ್ನು ಹಿಡಿದುಕೊಂಡು ಅಲ್ಲೇ ಸುತ್ತುತ್ತಿತ್ತು. ಮೈದುನ ನೋಡುತ್ತ ಕೂತಿದ್ದ. ಅವನ ಬೆರಳಿಗೆ ಗೋಂದು ಅಂಟಿತ್ತು.

"ನಿನ್ನ ಪದವಿ ಹೋತಲ್ಲೋ," ಎಂದೆ.

"ಸುಮ್ನಿರ್ರಿ ವೈನಿ. ಅದು ಗೂಡಿನ ಹಿಂದ ಹೋಗಿಲ್ಲ, ಹಳೇ ಜಾಗಕ್ಕ ಬಂದದ."

ಮುಂದಿನ ವರ್ಷವಿಡೀ ಬೇಕೆಂತಲೇ ಗೂಡುಗಳನ್ನು ಕಿತ್ತು ಬೇರೆಡೆ ಅಂಟಿಸಿದ. ತಾಯಂದಿರೆಲ್ಲ ಹಳೆಯ ಜಾಗಕ್ಕೇ ಮರಳಿದರು. ತಾಯಿ ನೆನಪಿಡುವುದು ಗೂಡನ್ನಲ್ಲ, ಜಾಗವನ್ನು ಎಂದು ಬರೆದ. ಪರೀಕ್ಷಕರು ಎದ್ದು ಕೈಕುಲುಕಿದರಂತೆ!

ನನಗೆ ಮಕ್ಕಳಾಗಲಿಲ್ಲ. ಸವತಿಯೂ ಬರಲಿಲ್ಲ, ಅತ್ತೆಗೆ ಗೂಡಿನ ಮೇಲಿನ ನಂಬಿಕೆ ಹೋಗುವ ಹೊತ್ತಿಗೆ ಆ ಹುಡುಗಿಗೆ ಬೇರೆಡೆ ಮದುವೆಯಾಗಿತ್ತು, ಯಜಮಾನರಿಗೂ ಹೇಗೋ ಬಾಯಿ ಬಂದಿತ್ತು.

ಪ್ರಬಂಧಕ್ಕೆ ರಟ್ಟು ಕಟ್ಟಿಸಿ ತಂದ ದಿನ ಮೈದುನ ನೇರವಾಗಿ ಅಡಿಗೆಮನೆಗೆ ಬಂದ. "ವೈನಿ, ಉಡಿ ಒಡ್ರಿ," ಎಂದ. ಸೆರಗು ಒಡ್ಡಿದೆ. ಪ್ರಬಂಧವನ್ನು ಉಡಿಯಲ್ಲಿಟ್ಟು ಕಾಲಿಗೆರಗಿದ. ರಟ್ಟಿನ ಮೇಲೆ ನನ್ನದೇ ಕರಡಿಗೆಯ ಕುಂಕುಮ. ಎಷ್ಟೋ ಹೊತ್ತು ಅದನ್ನು ಕೆಳಗಿಡಲು ನನಗೆ ಮನಸ್ಸೇ ಬರಲಿಲ್ಲ.