ಒಂಬತ್ತು ಹತ್ತಕ್ಕೆ ಬ್ರಹ್ಮಾವರ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ, ಗಣಿತದ ಹದಿನೇಳನೇ ಪ್ರಶ್ನೆಗೆ ಸರಿಯುತ್ತರ ಬರೆದ ಎಲ್ಲ ಮಕ್ಕಳಿಗೂ ಸೊನ್ನೆ ಕೊಡಲಾಯಿತು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ.

ಪ್ರಶ್ನೆ ಸರಳವಾಗಿತ್ತು. ತಲ್ಲೂರಿನಿಂದ ಬೆಳಿಗ್ಗೆ 7:50ಕ್ಕೆ ಹೊರಟ ಬಸ್ಸು ಗಂಟೆಗೆ 42 ಕಿ.ಮೀ. ವೇಗದಲ್ಲಿ 28 ಕಿ.ಮೀ. ದೂರದ ಬ್ರಹ್ಮಾವರವನ್ನು ಎಷ್ಟು ಹೊತ್ತಿಗೆ ತಲುಪುತ್ತದೆ? ಲೆಕ್ಕ ಬಲ್ಲವರು 8:30 ಎಂದು ಬರೆದರು. ಮೌಲ್ಯಮಾಪನ ಸಮಿತಿಯ ಮಾದರಿ ಉತ್ತರ 9:10 ಎಂದಿತ್ತು. ಹಿಂದಿನ ವರ್ಷ ಇದೇ ಪ್ರಶ್ನೆ ಹೋಗಿ ಬರುವುದಕ್ಕೆ ಇತ್ತು. ಈ ಸಲ ಕಾಗದ ಉಳಿಸಲೆಂದು ಬರುವುದನ್ನು ತೆಗೆದರು, ಉತ್ತರ ಮಾತ್ರ ಹಾಗೇ ಉಳಿಯಿತು.

ಬ್ರಹ್ಮಾವರದ ಪ್ರೌಢಶಾಲೆಯೊಂದರ ಗಣಿತದ ಅಮಿತಾ ಟೀಚರಿಗೆ ಇದನ್ನು ಒಪ್ಪಲಾಗಲಿಲ್ಲ. ಅವರ ಶಾಲೆಯ ತ್ರೋಬಾಲ್ ತಂಡದ ನಾಯಕಿ ಶರಣ್ಯಾಳಿಗೆ ಮೂವತ್ತಮೂರು ಅಂಕ ಬಂದಿತ್ತು. ಪಾಸಾಗಲು ಮೂವತ್ತೈದು ಬೇಕು. ಗಣಿತದಲ್ಲಿ ನಪಾಸಾದವರು ಜಿಲ್ಲಾ ಪಂದ್ಯಕ್ಕೆ ಹೋಗುವಂತಿಲ್ಲ. ಹದಿನೇಳನೇ ಪ್ರಶ್ನೆಗೆ ಮೂರು ಅಂಕ.

"ಟೀಚರ್, ನಾನ್ ದಿನಾ ಬಪ್ದೇ ಆ ಬಸ್ಸಂಗೆ. ಎಂಟೂವರೆಗೆ ಇಲ್ಲಿರ್ತೆ. ಇದ್ರಂಗೆ ತಪ್ಪೆಂತ ಇತ್ತ್?" ಎಂದಳು ಶರಣ್ಯಾ, ಕಣ್ಣಲ್ಲಿ ನೀರು ತುಂಬಿಕೊಂಡು. ತಲ್ಲೂರಿನಿಂದ ಅದೇ ಬಸ್ಸಿನಲ್ಲಿ ಬರುವ ಅಮಿತಾ ಟೀಚರ್ ಅವಳ ಉತ್ತರಪತ್ರಿಕೆ ಎತ್ತಿಕೊಂಡರು.

ಅವರು ಸಮಿತಿಯ ಅಧ್ಯಕ್ಷ ಗೋವರ್ಧನ ಶೆಟ್ಟರ ಬಳಿ ಹೋದರು. ಶೆಟ್ಟರು ಚಿತ್ರಕಲಾ ಶಿಕ್ಷಕರು; ಸೇವಾ ಹಿರಿತನದ ಮೇಲೆ ಗಣಿತ ಸಮಿತಿ ಅವರ ಪಾಲಿಗೆ ಬಂದಿತ್ತು.

"ಸರ್, ಮಾದರಿ ಉತ್ತರ ತಪ್ಪಿತ್ತ್."

"ಅದ್ ಹ್ಯಾಂಗ್ ತಪ್ಪಾತ್ತ್ ಟೀಚರ್? ಸೀಲ್ ಹಾಕಿತ್ತಲೆ," ಎಂದರು ಶೆಟ್ಟರು.

ಆದರೂ ಅವರು ನ್ಯಾಯವಂತರು. ನಿಯಮ 9(ಬಿ) ಪ್ರಕಾರ, ಸ್ಥಳ ಪರಿಶೀಲನೆಯಲ್ಲಿ ಬೇರೆ ಉತ್ತರ ಕಂಡುಬಂದಲ್ಲಿ ಮಾದರಿ ಉತ್ತರವನ್ನು ಮರುಪರಿಶೀಲಿಸಬಹುದಾಗಿತ್ತು. ಹಾಗಾಗಿ ಮರುದಿನವೇ ಶೆಟ್ಟರೂ ಮಾದರಿ ಉತ್ತರ ಬರೆದ ರಾಜೇಂದ್ರ ಐತಾಳರೂ ತಲ್ಲೂರಿನಲ್ಲಿ ಬಸ್ ಹತ್ತಿದರು. ಅಮಿತಾ ಟೀಚರ್ ಮತ್ತು ಶರಣ್ಯಾ ಹಿಂದಿನ ಸೀಟಿನಲ್ಲಿದ್ದರು. ಡ್ರೈವರ್ ಕಿಟ್ಟ ಸರಿಯಾಗಿ 7:50ಕ್ಕೆ ಗಾಡಿ ಬಿಟ್ಟ.

ತೆಕ್ಕಟ್ಟೆಯಲ್ಲಿ ಐತಾಳರ ಮೂಗಿಗೆ ಹೋಟೆಲಿನ ಎಣ್ಣೆಯ ವಾಸನೆ ಬಡಿಯಿತು. "ಹ್ವಾಯ್ ಕಿಟ್ಟ, ಒಂಚೂರ್ ನಿಲ್ಸ್ ಮಾರಾಯ. ಗೋಳಿಬಜೆ ತಿಂದ್ ಹೋಪ." ಪರಿಶೀಲನೆಗೆ ಬಂದ ಅಧಿಕಾರಿಗಳ ಮಾತು ಮೀರುವಂತಿಲ್ಲ, ಕಿಟ್ಟ ನಿಲ್ಲಿಸಿದ. ಎಣ್ಣೆ ಇನ್ನೂ ಕಾಯುತ್ತಿತ್ತು, ಹದಿನೈದು ನಿಮಿಷ ಹೋಯಿತು. ಕೋಟದಲ್ಲಿ ಶೆಟ್ಟರಿಗೆ ಉಷ್ಣ ಎನಿಸಿ ಎಳನೀರು ಕುಡಿದರು, ಹತ್ತು ನಿಮಿಷ. ಸಾಸ್ತಾನದ ಟೋಲ್ ದಾಟಿದ ಮೇಲೆ ಪರಿಶೀಲನೆ ನಡೆದುದಕ್ಕೆ ಜಿಪಿಎಸ್ ಫೋಟೊ ಬೇಕಾಯಿತು. ಹತ್ತು ನಿಮಿಷ ಬ್ಯಾನರ್ ಹಿಡಿದು ನಿಂತರು. ಅದರಲ್ಲಿ ಐತಾಳರ ಕಣ್ಣು ಮುಚ್ಚಿತ್ತು. ಇನ್ನೊಂದು ತೆಗೆಯಲು ಮತ್ತೆ ಐದು ನಿಮಿಷ.

"ಸರ್, ಇದೆಲ್ಲ ಪ್ರಶ್ನೆ ಒಳ್ಗೆ ಇಲ್ಲೆ!" ಎಂದು ಅಮಿತಾ ಟೀಚರ್ ಕೂಗಿದರು.

"ಪ್ರಶ್ನೆ ಒಳ್ಗೆ ಇಲ್ದಿದ್ರೆಂತ, ದಾರಿ ಮೇಲೆ ಇತ್ತಲೆ," ಎಂದರು ಐತಾಳರು ಬಾಯಿ ಒರೆಸಿಕೊಳ್ಳುತ್ತ. ಬಸ್ಸಿನವರೆಲ್ಲ ಹೌದೆಂದು ತಲೆಯಾಡಿಸಿದರು. ಅವರ ಕೈಯಲ್ಲೂ ಗೋಳಿಬಜೆ ಇತ್ತು.

ಬಸ್ಸು ಬ್ರಹ್ಮಾವರ ಮುಟ್ಟಿದಾಗ ಗಂಟೆ 9:10. ಐತಾಳರು ಗಡಿಯಾರ ನೋಡಿ ಎರಡೂ ಕೈ ಜೋಡಿಸಿದರು. ತಾವು ಬರೆದ ಉತ್ತರದ ಮೇಲೆ ಅವರಿಗೇ ಅಷ್ಟು ನಂಬಿಕೆ ಇರಲಿಲ್ಲ.

ವಾರದೊಳಗೆ ಸುತ್ತೋಲೆ ಬಂತು: "ದೂರ ಮತ್ತು ವೇಗದ ಲೆಕ್ಕಗಳಲ್ಲಿ ದಾರಿಯ ಅನಿವಾರ್ಯ ನಿಲುಗಡೆಗಳನ್ನು ವಿದ್ಯಾರ್ಥಿಗಳು ತಾವೇ ಊಹಿಸಿಕೊಳ್ಳತಕ್ಕದ್ದು. ನಪಾಸಾದವರಿಗೆ ಅದೇ ಪ್ರಶ್ನೆಪತ್ರಿಕೆಯಲ್ಲಿ ಮರುಪರೀಕ್ಷೆ ನಡೆಸತಕ್ಕದ್ದು."

ಮರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವ ಕೆಲಸ ಅಮಿತಾ ಟೀಚರಿಗೇ ಬಂತು. ಶರಣ್ಯಾಳ ಹದಿನೇಳನೇ ಉತ್ತರ ಅಚ್ಚುಕಟ್ಟಾಗಿತ್ತು.

"ಪ್ರಯಾಣ 40 ನಿಮಿಷ. ಗೋಳಿಬಜೆ 15. ಎಳನೀರು 10. ಫೋಟೊ 10. ಐತಾಳ್ ಸರ್ ಕಣ್ಣು ಮುಚ್ಚಿದ್ದಕ್ಕೆ 5. ಒಟ್ಟು 80 ನಿಮಿಷ. ತಲುಪುವ ಸಮಯ 9:10."

ಇದಕ್ಕೆ ಅಂಕ ಕೊಟ್ಟರೆ ಇಪ್ಪತ್ತು ವರ್ಷ ತಾವು ಕಲಿಸಿದ್ದೆಲ್ಲ ನೀರಿಗೆ ಹೋಯಿತು, ಕೊಡದಿದ್ದರೆ ಹುಡುಗಿ ಪಂದ್ಯಕ್ಕೆ ಹೋಗುವುದಿಲ್ಲ. ಅಮಿತಾ ಟೀಚರಿಗೆ ನಾಚಿಕೆಯಾಯಿತು. ಕೂಡಿದ್ದನ್ನು ಎರಡು ಸಲ ನೋಡಿದರು, ಸರಿಯಾಗಿಯೇ ಇತ್ತು. ಕೆಂಪು ಶಾಯಿಯಲ್ಲಿ ಮೂರು ಅಂಕ ಹಾಕಿ, ಪಕ್ಕದಲ್ಲಿ "ಹಂತಗಳು ಸ್ಪಷ್ಟವಾಗಿವೆ" ಎಂದು ಬರೆದರು. ಒಟ್ಟು ಮೂವತ್ತಾರು.

ಮರುದಿನ ಬೆಳಿಗ್ಗೆ ಬಸ್ಸು ತೆಕ್ಕಟ್ಟೆಯಲ್ಲಿ ನಿಂತಿತು. ಬಸ್ಸಿನಲ್ಲಿ ಸಮಿತಿಯವರು ಯಾರೂ ಇರಲಿಲ್ಲ. ಆದರೂ ಜನ ಸಾಲಾಗಿ ಇಳಿಯತೊಡಗಿದರು.

"ಎಂತಕ್ ನಿಲ್ಸಿದ್ದ್ ಕಿಟ್ಟ? ಶಾಲೆ ಬೆಲ್ ಆತ್ತ್!" ಎಂದರು ಅಮಿತಾ ಟೀಚರ್.

"ಶಾಲೆ ಬೆಲ್ ಇವತ್ತಿಂದ ಒಂಬತ್ತೂ ಕಾಲಿಗೆ ಮಾಡಿರ್ ಅಂಬ್ರಲೆ ಟೀಚರ್," ಎಂದ ಕಿಟ್ಟ, ಇಂಜಿನ್ ಆರಿಸುತ್ತ. "ಮಕ್ಕಳ್ ಲೆಕ್ಕ ತಪ್ಪುಕಾಗ ಅಲ್ದಾ?"

ಶರಣ್ಯಾ ಆಗಲೇ ಕೆಳಗೆ ನಿಂತು ಕೈ ಬೀಸುತ್ತಿದ್ದಳು. ಅಮಿತಾ ಟೀಚರ್ ಗಡಿಯಾರ ನೋಡಿಕೊಂಡು ಇಳಿದರು. ಗೋಳಿಬಜೆ ಬಿಸಿಬಿಸಿಯಾಗಿತ್ತು.