ಫೇಲಾದವರ ಕಾಲಂ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತೆಂದರೆ ಕಡೂರು, ತರೀಕೆರೆ ಕಡೆಯ ಅಪ್ಪ ಅಮ್ಮಂದಿರೆಲ್ಲ ಲೆಕ್ಕದ ಮೇಷ್ಟ್ರಾಗಿಬಿಡುತ್ತಾರೆ. ಯಾವ ಕಾಲೇಜಿನಲ್ಲಿ ನೂರಕ್ಕೆ ಎಷ್ಟು ಪಾಸು ಎಂದು ಬಸ್ಸಿನಲ್ಲೂ ಅದೇ ಮಾತು. ನಾನೋ ಅಜ್ಜಂಪುರದ ಕಡೆ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ನಿಜವಾಗಿಯೂ ಲೆಕ್ಕದ ಮೇಷ್ಟ್ರು. ಅಡ್ಮಿಷನ್ ಮೇಜಿಗೆ ಪ್ರತಿ ವರ್ಷ ನನ್ನನ್ನೇ ಕೂರಿಸುತ್ತಾರೆ.

ಫ್ಲೆಕ್ಸ್ ಅಂಗಡಿ

ಒಂದು ವರ್ಷ, ಮಕ್ಕಳು ಸಾಲದಿದ್ದರೆ ವಿಜ್ಞಾನ ವಿಭಾಗವನ್ನೇ ಮುಚ್ಚುತ್ತೇವೆ ಎಂದು ಮೇಲಿನವರು ಹೇಳಿದ್ದರು. ಇತ್ತ ಪಕ್ಕದ ಊರಿನ ಖಾಸಗಿ ಕಾಲೇಜೊಂದು ‘ನೂರಕ್ಕೆ ನೂರು’ ಎಂದು ಊರ ತುಂಬ ಫ್ಲೆಕ್ಸ್ ಕಟ್ಟಿಸಿತ್ತು. ಓದದ ಮಕ್ಕಳಿಗೆ ಪರೀಕ್ಷೆಗೆ ಮೊದಲೇ ಟಿಸಿ ಕೊಟ್ಟು ಕಳಿಸಿದರೆ ಯಾರಿಗೆ ತಾನೇ ನೂರು ಬರುವುದಿಲ್ಲ? ಆ ಟಿಸಿ ಹಿಡಿದು ಬಂದ ಮಕ್ಕಳನ್ನು ಸೇರಿಸಿಕೊಂಡವರು ನಾವು. ನನಗೆ ರೇಗಿಹೋಯಿತು. ಸೇರಿದವರೆಷ್ಟು, ಪರೀಕ್ಷೆಗೆ ಕೂತವರೆಷ್ಟು, ಪಾಸೆಷ್ಟು, ಫೇಲೆಷ್ಟು, ಎಲ್ಲ ಬರೆದು ನಾವೂ ಒಂದು ಹಾಕೋಣ ಎಂದೆ. ನಮ್ಮ ಪ್ರಿನ್ಸಿಪಾಲ್ ಮೇಡಂ ಗಟ್ಟಿಗಿತ್ತಿ, ಒಪ್ಪಿದರು.

ತರೀಕೆರೆ ಬಸ್ ಸ್ಟ್ಯಾಂಡ್ ಹತ್ತಿರದ ಫ್ಲೆಕ್ಸ್ ಅಂಗಡಿಯವನು ನನ್ನ ಚೀಟಿಯನ್ನು ಎರಡೆರಡು ಸಲ ಓದಿದ.

“ಸಾ, ಫೇಲಾದೋರನ್ನೂ ಹಾಕ್ಬೇಕಾ?”

“ಹಾಕಪ್ಪ.”

“ಅವರ ಫೋಟೋ ತಂದಿದೀರಾ?”

ಫೋನಿನ ಪಟ್ಟಿ

ಫ್ಲೆಕ್ಸ್ ಕಟ್ಟಿದ ಮೇಲೆ ಮೊದಲು ಬಂದವರು ಕಡೂರಿನ ಒಬ್ಬ ತಾಯಿ. ಸುತ್ತಲಿನ ಕಾಲೇಜುಗಳ ಅಂಕಿಅಂಶವನ್ನೆಲ್ಲ ವೆಬ್‌ಸೈಟುಗಳಿಂದ ಹುಡುಕಿ ಫೋನಿನಲ್ಲಿ ಪಟ್ಟಿ ಮಾಡಿದ್ದರು.

“ಒಬ್ಬ ಲೆಕ್ಚರರ್‌ಗೆ ಎಷ್ಟು ಮಕ್ಕಳು ಅಂತ ನೋಡಿದ್ರೆ ನಿಮ್ಮದೇ ಫಸ್ಟು ಸಾರ್. ಇಷ್ಟು ಕಡಿಮೆ ಎಲ್ಲೂ ಇಲ್ಲ.”

ಮಕ್ಕಳು ಬಾರದೆ ಕಡಿಮೆಯಾಗಿದ್ದಾರೆ ಎಂದು ಹೇಳುವಷ್ಟು ದಡ್ಡ ನಾನಲ್ಲ. ಮಗಳನ್ನು ಸೇರಿಸಿ ಬಾಗಿಲವರೆಗೆ ಹೋದವರು ವಾಪಸ್ ಬಂದು ಮೆಲ್ಲಗೆ ಹೇಳಿದರು:

“ಇನ್ನು ಯಾರನ್ನೂ ಸೇರಿಸ್ಕೋಬೇಡಿ ಸಾರ್. ರೇಷಿಯೋ ಕೆಟ್ಟೋಗುತ್ತೆ.”

ಕೊನೆಯ ಸೀಟು

ಅಡ್ಮಿಷನ್‌ನ ಕೊನೆಯ ದಿನ. ವಿಭಾಗ ಉಳಿಯಲು ಇನ್ನೂ ಒಬ್ಬರು ಬೇಕಿತ್ತು. ಮಧ್ಯಾಹ್ನ ತೆಂಗಿನ ತೋಟದ ರೈತರೊಬ್ಬರು ಮಗನನ್ನು ಕರೆದುಕೊಂಡು ಬಂದು, ಗೇಟಿನ ಬಳಿ ನಿಂತು ನಮ್ಮ ಫ್ಲೆಕ್ಸನ್ನು ಪೂರ್ತಿ ಓದಿದರು. ನಾನು ಅರ್ಜಿ ಫಾರಂ ತೆಗೆದು ಮೇಜಿನ ಮೇಲಿಟ್ಟೆ. ಆಮೇಲೆ ಒಳಗೆ ಬಂದು ಕೂತರು.

“ಆ ಕಾಲೇಜಲ್ಲಿ ಎಲ್ರೂ ಪಾಸಂತೆ ಸಾ. ಇವ್ನನ್ನ ಸೇರ್ಸಿ ಅವರ ಲೆಕ್ಕ ಯಾಕ್ ಕೆಡಿಸ್ಬೇಕು? ನೀವಾದ್ರೆ ಫೇಲಾಗೋರ್ಗೂ ಒಂದು ಕಾಲಂ ಮಡಗಿದೀರಿ.”

ವಿಜ್ಞಾನ ವಿಭಾಗ ಉಳಿದದ್ದು ಹೀಗೆ.

ಸೊನ್ನೆ

ಎರಡು ವರ್ಷ ಆ ಮಕ್ಕಳ ಬೆನ್ನು ಬಿಡಲಿಲ್ಲ. ಬೆಳಗಿನ ಕ್ಲಾಸು, ಭಾನುವಾರದ ಕ್ಲಾಸು, ತಪ್ಪಿಸಿಕೊಂಡವರ ಮನೆಗೇ ಹೋಗಿ ಕರೆತರುವುದು. ಒಬ್ಬರಿಗೂ ಟಿಸಿ ಕೊಡಲಿಲ್ಲ. ಸೇರಿದವರಷ್ಟೂ ಪರೀಕ್ಷೆಗೆ ಕೂತರು, ಕೂತವರಷ್ಟೂ ಪಾಸಾದರು. ಆ ಹುಡುಗನೂ ಪಾಸು. ನನ್ನ ಸರ್ವೀಸಿನಲ್ಲಿ ಅಷ್ಟು ಹೆಮ್ಮೆ ಇನ್ನೊಮ್ಮೆ ಪಟ್ಟಿಲ್ಲ. ಫೇಲಾದವರ ಕಾಲಂನಲ್ಲಿ ದೊಡ್ಡ ಸೊನ್ನೆ ಹಾಕಿಸಿ ಗೇಟಿಗೆ ನಾನೇ ನಿಂತು ಕಟ್ಟಿಸಿದೆ.

ಮರುದಿನವೇ ಹುಡುಗನ ತಂದೆ ಮಗಳನ್ನು ಸೇರಿಸಲು ಬಂದರು. ಈಗ ಕೈ ಮುಗಿಯುತ್ತಾರೆ ಎಂದು ನಾನು ಕಾಲರ್ ಸರಿಮಾಡಿಕೊಂಡೆ. ಅವರು ಸೊನ್ನೆಯನ್ನೇ ನೋಡುತ್ತ ನಿಂತರು.

“ಏನ್ ಸಾ, ನೀವೂ ಅವರ ಥರ ಶುರು ಹಚ್ಕೊಂಡ್ರಾ?”

“ಇಲ್ಲ ಕಣ್ರೀ, ಯಾರನ್ನೂ ಹೊರಗೆ ಕಳಿಸಿಲ್ಲ. ಇದು ಸತ್ಯವಾದ ಲೆಕ್ಕ. ಪಾಸಾದವರಲ್ಲಿ ನಿಮ್ಮ ಮಗನೂ ಇದಾನೆ.”

“ಅದಕ್ಕೇ ಸಾ,” ಎಂದರು, “ನಂಗೆ ಅನುಮಾನ ಬಂದಿದ್ದು.”